ಅಂಬಿಗನ ಬರಣಿ, ಅಯ್ಯನ ಬರಣಿ

ಗುಂಡಗಟ್ಟಿಯ ಅಂಬಿಗರ ಭೀಮಬಾಯಿಗೆ ಗಂಡನ ಬಾಯಿ ಮೂಸಿ ನೋಡುವ ರೂಢಿಯಿತ್ತು. ಸಂಜೆ ಖಂಡೆಪ್ಪ ಹೊಳೆಯ ಘಾಟಿನಿಂದ ಬಂದು ಬಾಗಿಲ ಹೊರಗೆ ಕಾಲು ತೊಳೆಯುವಾಗ ಅವಳು ನೀರಿನ ತಂಬಿಗೆ ಕೊಡುತ್ತಿದ್ದಳು, ಕೊಡುವ ನೆಪದಲ್ಲಿ ತುಸು ಬಗ್ಗುತ್ತಿದ್ದಳು. ಅದು ಅವನಿಗೂ ಗೊತ್ತಿತ್ತು. ಕೆಲವು ದಿನ ತಾನೇ ಬಾಯಿ ಅಗಲಿಸಿ ಅವಳ ಮುಖಕ್ಕೆ ಉಸಿರು ಬಿಟ್ಟು, ಸುಂಕದ ನಾಕೆಯ ಮುಂದೆ ಗಂಟು ಬಿಚ್ಚಿ ತೋರಿಸಿದವನ ಹಾಗೆ ಕೈ ಕಟ್ಟಿ ನಿಲ್ಲುತ್ತಿದ್ದ. ಅವಳು ನಗುತ್ತಿರಲಿಲ್ಲ. ಈರುಳ್ಳಿಯ ವಾಸನೆಯೋ ಬೀಡಿಯ ವಾಸನೆಯೋ ಅಷ್ಟೇ ಎಂದು ಖಾತ್ರಿಯಾದ ಮೇಲೆ ಒಳಗೆ ಹೋಗಿ ರೊಟ್ಟಿ ಬಡಿಯಲು ಕೂರುತ್ತಿದ್ದಳು.

ಇದು ಸುಮ್ಮನೆ ಬಂದ ರೂಢಿಯಲ್ಲ. ಭೀಮಬಾಯಿಯ ತವರು ಚಿಂಚೋಳಿ ಕಡೆಯ ಕೊಡ್ಲಿ. ಅಲ್ಲಿ ಬಾವಿಯ ನೀರು ಬಿಟ್ಟರೆ ಬೇರೆ ನೀರನ್ನು ಅವಳು ಕಂಡವಳಲ್ಲ. ಮದುವೆಯಾಗಿ ಕಾಗಿಣಾ ಹೊಳೆಯ ದಂಡೆಗೆ ಬಂದಾಗ, ಗಂಡ ಹರಗೋಲು ಹಾಕುವುದರಲ್ಲಿ ಎಷ್ಟು ಜಾಣನೋ ಸೇಂದಿ ಕುಡಿಯುವುದರಲ್ಲಿಯೂ ಅಷ್ಟೇ ಜಾಣ ಎಂದು ತಿಂಗಳೊಳಗೆ ಗೊತ್ತಾಯಿತು. ದಂಡೋತಿಯ ದಾರಿಯಲ್ಲಿ ಈಚಲು ಬನವಿತ್ತು, ಬನದ ಅಂಚಿಗೆ ಸೇಂದಿಯ ದುಕಾನಿತ್ತು. ಮಗಳು ಸುಂದರಬಾಯಿ ಇನ್ನೂ ಹಾಲು ಕುಡಿಯುವ ಕೂಸಾಗಿದ್ದಾಗ ಒಂದು ದಿನ ಭೀಮಬಾಯಿ ಅವಳನ್ನೆತ್ತಿಕೊಂಡು ಅದೇ ಹರಗೋಲಿನಲ್ಲಿ ಕೂತಿದ್ದಳು. ನಡುಹೊಳೆಯಲ್ಲಿ ಖಂಡೆಪ್ಪನ ಕೈಯಿಂದ ಗಳ ಜಾರಿತು. ಹರಗೋಲು ಬೀಸುಕಲ್ಲಿನ ಹಾಗೆ ತಿರುಗಿ ತಿರುಗಿ, ಕೊನೆಗೆ ತಾನೇ ಒಂದು ಕಡೆ ದಂಡೆ ಹಿಡಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅವನು ಇಳಿದವನೇ ಹರಗೋಲಿನ ಅಂಚು ಮುಟ್ಟಿ ಆಣೆ ಮಾಡಿದ, ಇನ್ನು ಸೇಂದಿ ಮುಟ್ಟುವುದಿಲ್ಲ ಎಂದು. ಆಣೆಯನ್ನು ಅವನು ನಂಬಿದ. ಅವಳು ಮೂಗನ್ನು ನಂಬಿದಳು. ಹೀಗೆಯೇ ಹದಿಮೂರು ವರ್ಷ ನಡೆಯಿತು. ಕೂಸು ದೊಡ್ಡದಾಗಿ ಸುಲೇಪೇಟಕ್ಕೆ ಸೊಸೆಯಾಗಿ ಹೋಯಿತು.

ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ರಾಜ್ಯ ಹೋದ ನಾಲ್ಕನೆಯ ವರ್ಷ. ಭಾದ್ರಪದದಲ್ಲಿ ಮೇಲಿನ ಕಡೆ ಸೇಡಂ ಸೀಮೆಯಲ್ಲಿ ಭಾರಿ ಮಳೆ ಬಿದ್ದು ಕಾಗಿಣಾ ಕೆಂಪಗೆ ಏರಿತ್ತು. ಹರಗೋಲು ಕೊಚ್ಚಿಹೋಗಬಾರದೆಂದು ಖಂಡೆಪ್ಪ ಎರಡು ದಿನ ಮನೆಗೆ ಬರದೆ ಘಾಟಿನ ಗುಡಿಸಲಿನಲ್ಲೇ ಉಳಿದ. ರೊಟ್ಟಿ ಗಂಟನ್ನು ಅವನ ತಮ್ಮ ಹಣಮಪ್ಪ ಒಯ್ಯುತ್ತಿದ್ದ. ಹಾಗಾಗಿ ಆ ಎರಡು ದಿನ ಭೀಮಬಾಯಿ ಗಂಡನ ಬಾಯಿ ಮೂಸಲಿಲ್ಲ.

ಮೂರನೆಯ ದಿನ ಬೆಳಗ್ಗೆ ಊರಿನ ಮಾಲಿಪಾಟೀಲ ಬಸವಂತರಾಯರು ಮನೆಯವರೊಂದಿಗೆ ಘಾಟಿಗೆ ಬಂದರು. ಆಚೆ ದಂಡೆಯ ಊರಿನಲ್ಲಿ ಪಾಟೀಲರ ಮಗಳ ಕೂಸಿಗೆ ಲಿಂಗ ಕಟ್ಟುವುದಿತ್ತು. ಅದಕ್ಕೆ ಊರಿನ ಮಠದ ಅಯ್ಯನವರಾದ ರೇವಣಸಿದ್ದಯ್ಯ ಹೋಗಲೇಬೇಕಾಗಿತ್ತು. ಖಂಡೆಪ್ಪ ಹೊಳೆ ತೋರಿಸಿ ಬೇಡ ಅಂದ. ಅಯ್ಯನವರೂ ನಾಳೆ ನೋಡೋಣ ಎಂದರು. ಪಾಟೀಲರು ಮುಹೂರ್ತ ನಾಳೆ ಇರುವುದಿಲ್ಲ ಎಂದರು. ಇದನ್ನೆಲ್ಲ ಕಿವಿಯಾರೆ ಕೇಳಿದವನು ಹಣಮಪ್ಪ. ಪಾಟೀಲರು ದಂಡೆಯ ಮೇಲೆ ನಿಂತರು, ಖಂಡೆಪ್ಪನೂ ಸೇರಿ ಏಳು ಜನ ಹರಗೋಲು ಹತ್ತಿದರು.

ನಡುಹೊಳೆಯಲ್ಲಿ ಬೇರು ಸಮೇತ ಬಂದ ಮರವೊಂದು ಹರಗೋಲಿಗೆ ಬಡಿಯಿತು. ಹರಗೋಲು ಮಗುಚಿತು. ನಾಲ್ವರು ಆ ಮರವನ್ನೇ ಹಿಡಿದುಕೊಂಡು ಉಳಿದರು. ಪಾಟೀಲರ ಮನೆಯ ಹೆಣ್ಣುಮಗಳೊಬ್ಬಳನ್ನು ಖಂಡೆಪ್ಪ ಸೆರಗು ಹಿಡಿದು ಜಾಲಿಕಂಟಿಯ ತನಕ ಎಳೆದು ತಂದ. ಅವಳು ಕೊಂಬೆ ಹಿಡಿದಳು. ಅವನು ಹಿಂತಿರುಗಿ ನೋಡಿದ. ಅಯ್ಯನವರ ಕಾವಿ ರುಮಾಲು ನೀರಿನ ಮೇಲೆ ಕಂಡಿತಂತೆ. ಅವನು ತಿರುಗಿ ಹೋದ. ಅವನೂ ಬರಲಿಲ್ಲ, ಅಯ್ಯನವರೂ ಬರಲಿಲ್ಲ.

ಅದಾಗಿ ನಾಲ್ಕನೆಯ ದಿನ ಹೊಳೆ ಇಳಿದಾಗ, ಎರಡು ಹರದಾರಿ ಕೆಳಗೆ ಶಹಾಬಾದಿನ ಕಡೆ, ಕಂಟಿಯಲ್ಲಿ ಸಿಕ್ಕಿಕೊಂಡ ಎರಡೂ ಹೆಣ ಒಟ್ಟಿಗೆ ಸಿಕ್ಕವು. ಮಳೆ ಹೋಗಿ ಬಿಸಿಲು ಕಾದಿತ್ತು. ಹೆಣಗಳು ಉಬ್ಬಿ ಗುರುತು ಹತ್ತುತ್ತಿರಲಿಲ್ಲ. ಅಯ್ಯನವರನ್ನು ಕೊರಳಿನ ಲಿಂಗದಿಂದ ಗುರುತಿಸಿದರು. ಖಂಡೆಪ್ಪನ ಮುಷ್ಟಿಯಲ್ಲಿ ಅಯ್ಯನವರ ಧೋತರದ ಅಂಚಿತ್ತು, ಬಿಡಿಸಲು ಬರದೆ ಬಟ್ಟೆಯನ್ನೇ ಹರಿಯಬೇಕಾಯಿತು. ಮೊದಲ ದಿನಗಳಲ್ಲಿ ಊರೆಲ್ಲ ಹೇಳಿದ್ದು ಇದನ್ನೇ. ಅಯ್ಯನವರನ್ನು ಉಳಿಸಲು ಹೋಗಿ ಅಂಬಿಗ ಸತ್ತ ಎಂದು ಹೆಂಗಸರು ಭೀಮಬಾಯಿಯ ಕೈ ಹಿಡಿದು ಅತ್ತರು.

ನೀರಿನಲ್ಲಿ ಸತ್ತವರನ್ನು ಕೊಯ್ದು ನೋಡದೆ ಮಣ್ಣಿಗೆ ಕೊಡಲು ಪೊಲೀಸ್ ಅಮೀನ ಒಪ್ಪಲಿಲ್ಲ. ಎರಡು ಬಂಡಿ ಚಿತ್ತಾಪುರದ ತಾಲೂಕು ದವಾಖಾನೆಗೆ ಹೋದವು. ಅಂಬಿಗ ಕುಡಿದಿದ್ದನೋ ಏನೋ ಅದನ್ನೂ ನೋಡಿಬಿಡಿ ಎಂದು ಬಸವಂತರಾಯರು ಅಮೀನನ ಕಿವಿಗೆ ಹಾಕಿದ್ದರು. ಇದು ಭೀಮಬಾಯಿಗೆ ಆಗ ಗೊತ್ತಿರಲಿಲ್ಲ. ಹೊಟ್ಟೆಯೊಳಗಿನ ತುಂಡುಗಳನ್ನು ಬರಣಿಯಲ್ಲಿ ಹಾಕಿ ಹೈದರಾಬಾದಿಗೆ ಪರೀಕ್ಷೆಗೆ ಕಳಿಸಿದರು ಎಂದಷ್ಟೇ ಕೇಳಿದ್ದಳು. ಗಂಡನ ಮೈ ಪೂರ್ತಿ ಮಣ್ಣಿಗೆ ಸೇರಲಿಲ್ಲವಲ್ಲ ಎಂಬ ಸಂಕಟ ಬಿಟ್ಟು ಅವಳ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

ಪರೀಕ್ಷೆಯ ಕಾಗದ ಬಂದದ್ದು ಕಾರ್ತಿಕ ಕಳೆದು ಛಟ್ಟಿಯ ಹಬ್ಬದ ಹೊತ್ತಿಗೆ. ಅಮೀನ ಚಾವಡಿಯಲ್ಲಿ ಉರ್ದು ಕಾಗದ ಓದಿ, ಅದರ ಅರ್ಥ ಹೇಳಿದ. ಖಂಡೆಪ್ಪನ ಹೊಟ್ಟೆಯಲ್ಲಿ ಶರಾಬಿನ ಅಂಶ ಇತ್ತು. ಕೂತ ಮನುಷ್ಯ ಎದ್ದು ನಿಲ್ಲಲಾರದಷ್ಟು ಅಲ್ಲದಿದ್ದರೂ, ಕೈಯ ಗಳ ನೆಟ್ಟಗೆ ನಿಲ್ಲದಷ್ಟು ಇತ್ತು.

ಊರಿನ ನೆನಪು ಅಂದಿನಿಂದ ಬದಲಾಗತೊಡಗಿತು. ಮರ ಬಡಿದದ್ದನ್ನು ಕಂಡಿದ್ದ ನಾಲ್ವರಲ್ಲಿ ಇಬ್ಬರು, ಮರ ಬರುವ ಮೊದಲೇ ಹರಗೋಲು ವಾಲಿತ್ತು ಎಂದರು. ಒಬ್ಬ ಖಂಡೆಪ್ಪನ ಕಣ್ಣು ಕೆಂಪಗಿದ್ದವು ಎಂದ. ಜಾಲಿಕೊಂಬೆ ಹಿಡಿದು ಬದುಕಿದ ಆ ಹೆಣ್ಣುಮಗಳೂ ಅವನ ಮೈಯಿಂದ ಏನೋ ವಾಸನೆ ಬರುತ್ತಿತ್ತು, ಏನೆಂದು ತಿಳಿಯಲಿಲ್ಲ ಎಂದಳು. ಧೋತರದ ಅಂಚು ಕೂಡ ಈಗ ಬೇರೆ ಮಾತು ಹೇಳಿತು: ಕುಡಿದ ಅಂಬಿಗ ತಾನು ಮುಳುಗುವಾಗ ಅಯ್ಯನವರ ಬಟ್ಟೆ ಹಿಡಿದು ಅವರನ್ನೂ ಎಳೆದುಕೊಂಡು ಹೋದ. ಹರಗೋಲು ಹಾಕುವ ಹಕ್ಕನ್ನು ಪಾಟೀಲರು ಬೇರೆ ಊರಿನ ಅಂಬಿಗರಿಗೆ ಕೊಡಿಸಿದರು. ಹಣಮಪ್ಪ ಶಹಾಬಾದಿನ ಕಲ್ಲುಗಣಿಗೆ ಪರಸಿ ಚಪ್ಪಡಿ ಎಬ್ಬಿಸುವ ಕೂಲಿಗೆ ಹೋದ. ಸುಲೇಪೇಟದಲ್ಲಿ ಮಗಳಿಗೆ, ಅಯ್ಯನನ್ನು ಮುಳುಗಿಸಿದವನ ಮಗಳು ಎಂಬ ಹೆಸರು ಬಂತು. ಹಬ್ಬಕ್ಕೂ ಅವಳನ್ನು ತವರಿಗೆ ಕಳಿಸಲಿಲ್ಲ.

ಆದರೆ ಇವೆಲ್ಲಕ್ಕಿಂತ ಭೀಮಬಾಯಿಯನ್ನು ತಿಂದದ್ದು ಅವಳದೇ ಗುಮಾನಿ. ಊರಿನವರ ಎದುರು ತನ್ನ ಗಂಡ ಕುಡಿದಿರಲಿಲ್ಲ ಎಂದು ಜಗಳ ಆಡಿ ಮನೆಗೆ ಬರುತ್ತಿದ್ದಳು. ಬಂದು ಒಲೆಯ ಮುಂದೆ ಕೂತರೆ ಆ ಎರಡು ದಿನ ಎದುರು ಬಂದು ನಿಲ್ಲುತ್ತಿದ್ದವು. ಎರಡು ದಿನ ಒಬ್ಬನೇ, ಮಳೆ, ಥಂಡಿ, ಅರ್ಧ ಹರದಾರಿ ನಡೆದರೆ ಈಚಲು ಬನ. ಹದಿಮೂರು ವರ್ಷ ಅವನು ಆಣೆಗೆ ಹೆದರಿ ಬಿಟ್ಟಿದ್ದನೋ, ಇವಳ ಮೂಗಿಗೆ ಹೆದರಿಯೋ. ಮೂಗು ಇಲ್ಲದ ಕಡೆ ಆಣೆ ಎಷ್ಟು ಹೊತ್ತು ನಿಂತೀತು.

ಒಂದು ದಿನ ತಡೆಯಲಾರದೆ ದುಕಾನಿಗೇ ಹೋದಳು. ಹೆಂಗಸು ಬಂದದ್ದು ನೋಡಿ ಕುಡಿಯುತ್ತಿದ್ದವರು ಮುಖ ತಿರುಗಿಸಿದರು. ದುಕಾನಿನವನು ಮುಚ್ಚಿಡಲಿಲ್ಲ. ಹೊಳೆ ಏರಿದ ಎರಡನೆಯ ದಿನ ಖಂಡೆಪ್ಪ ಬಂದಿದ್ದ, ಮಳೆ ನಿಲ್ಲುವ ತನಕ ತಟ್ಟಿಯ ಕೆಳಗೆ ಕೂತಿದ್ದ ಎಂದ.

"ಕುಡದ್ನೇನು?" ಎಂದು ಕೇಳಿದಳು.

"ನಾ ಹಾಕಿಕೊಟ್ಟಿಲ್ಲವ್ವ. ಕುಡದದ್ದು ನೋಡೇ ಇಲ್ಲ. ಮಂದಿ ಭಾಳ ಇತ್ತು. ಯಾರ ಮಡಕಿ ಯಾರ ಕೈಗೆ ಹೋಗ್ತದೋ ನಾ ಹ್ಯಾಂಗ ಹೇಳ್ಲಿ?"

ಹೋಗುವಾಗ ಒಂದು ಗುಮಾನಿ ಇತ್ತು, ಬರುವಾಗ ಎರಡಾದವು. ಖಂಡೆಪ್ಪ ಅಲ್ಲಿಗೆ ಹೋಗಿದ್ದನ್ನು ಹಣಮಪ್ಪ ಯಾಕೆ ತನಗೆ ಹೇಳಲಿಲ್ಲ ಎಂಬುದು ಎರಡನೆಯದು. ಹಾಗೆ ನೋಡಿದರೆ ಅವಳು ಆಗ ಯಾರನ್ನೂ ಬಿಟ್ಟಿರಲಿಲ್ಲ. ಪಾಟೀಲರನ್ನು, ಅಮೀನನನ್ನು, ಬಂಡಿ ಹೊಡೆದವನನ್ನು, ಎಲ್ಲರನ್ನೂ ಒಬ್ಬೊಬ್ಬರಾಗಿ ಎದುರಿಗೆ ನಿಲ್ಲಿಸಿಕೊಂಡು ನೋಡುತ್ತಿದ್ದಳು. ಹೀಗೆ ನೋಡುತ್ತಿರುವಾಗ ಬರಣಿಯ ನೆನಪಾಯಿತು. ಬರಣಿ ಹೈದರಾಬಾದಿಗೆ ಹೋಗುವ ಮೊದಲು ಯಾರ ಕೈಯಲ್ಲಿತ್ತು? ಅದರೊಳಗೆ ಒಂದು ಗುಟುಕು ಶರಾಬು ಸುರಿಯಲು ಎಷ್ಟು ಹೊತ್ತು ಬೇಕು?

ಮರುದಿನವೇ ಚಿತ್ತಾಪುರಕ್ಕೆ ಹೊರಟಳು. ಕೊಯ್ದ ಡಾಕ್ಟರಿಗೆ ಆಗಲೇ ಬದಲಿಯಾಗಿ ಹೋಗಿತ್ತು. ಬರಣಿ ಕಟ್ಟಿದವರು ಕಂಪೌಂಡರ್ ಅಬ್ದುಲ್ ಗನಿ ಎಂದು ಕಸ ಹೊಡೆಯುವವಳು ಹೇಳಿದಳು. ಅಬ್ದುಲ್ ಗನಿ ನಿಜಾಮನ ಕಾಲದಿಂದಲೂ ಅದೇ ದವಾಖಾನೆಯಲ್ಲಿ ಔಷಧ ಕಲಸುತ್ತ ಬಂದವರು. ಗಡ್ಡ ಬೆಳ್ಳಗಾಗಿತ್ತು. ನಿಜಾಮನ ರಾಜ್ಯ ಹೋಗುವಾಗಿನ ಗಲಾಟೆಯ ದಿನಗಳು ಕಳೆದ ಮೇಲೆ ಅವರು ಮೊದಲಿನ ಹಾಗೆ ಮಾತಿಗೆ ಮಾತು ಸೇರಿಸುತ್ತಿರಲಿಲ್ಲ, ಕೇಳಿದಷ್ಟಕ್ಕೆ ಉತ್ತರ ಕೊಟ್ಟು ತಲೆ ತಗ್ಗಿಸುತ್ತಿದ್ದರು. ಭೀಮಬಾಯಿಗೆ ಆ ತಗ್ಗಿದ ತಲೆಯೇ ಕಳ್ಳತನದ ಗುರುತಾಗಿ ಕಂಡಿತು.

ಬರಣಿಯಲ್ಲಿ ಶರಾಬು ಹಾಕಲು ಯಾರು ಹೇಳಿದರು ಎಂದು ನೇರವಾಗಿಯೇ ಕೇಳಿಬಿಟ್ಟಳು.

ಅಬ್ದುಲ್ ಗನಿಯವರ ಕೈಯಲ್ಲಿದ್ದ ಶೀಷೆ ಅಲ್ಲೇ ನಿಂತಿತು. ಅವರು ಸಿಟ್ಟು ಮಾಡಲಿಲ್ಲ. "ಮೂವತ್ತು ವರ್ಷದಾಗ ನನಗ ಇಂಥಾ ಮಾತು ಯಾರೂ ಅಂದಿಲ್ಲ, ತಂಗಿ. ಶರಾಬಿನ ತಪಾಸಣಿ ಅಂದ್ರ ನಾವು ಸ್ಪಿರಿಟ್ಟಿನಾಗ ಹಾಕಂಗಿಲ್ಲ, ಉಪ್ಪುನೀರಿನಾಗ ಹಾಕ್ತೀವಿ. ಎರಡೂ ಬರಣಿಗೆ ಒಂದೇ ಗಡಿಗ್ಯಾಗಿನ ಉಪ್ಪುನೀರು ಹಾಕೀನಿ, ನನ್ನ ಕೈಯಾರೆ ಅರಗು ಹಚ್ಚೀನಿ."

ಭೀಮಬಾಯಿ ಕೇಳಿದಳು, "ಎರಡು ಬರಣಿ ಅಂದ್ರಿ. ಇನ್ನೊಂದು ಅಯ್ಯನೋರದೇನ್ರಿ?"

ಹೌದು ಎನ್ನುವ ಹಾಗೆ ಅವರ ಗಡ್ಡ ಅಲುಗಿತು. ಅಯ್ಯನವರ ಕಾಗದ ಏನಾಯಿತು ಎಂದು ಅವಳು ಕೇಳಿದಾಗ ಮಾತ್ರ ಅವರು ಬಾಗಿಲ ಕಡೆ ನೋಡಿದರು, ರೋಗಿಗಳು ಕಾಯುತ್ತಿದ್ದಾರೆ ಎಂದರು. ಭೀಮಬಾಯಿ ಜಗುಲಿಗೆ ಹೋಗಿ ಕೂತಳು. ದವಾಖಾನೆ ಮುಚ್ಚುವ ಹೊತ್ತಿಗೂ ಅಲ್ಲೇ ಕೂತಿದ್ದಳು. ಅಬ್ದುಲ್ ಗನಿ ಬೀಗದ ಕೈ ಹಿಡಿದು ಹೊರಗೆ ಬಂದವರು, ಅವಳ ಮುಖ ನೋಡದೆ, ರಸ್ತೆಗೆ ಹೇಳುವ ಹಾಗೆ ಹೇಳಿದರು. ಕಾಗದ ಎರಡೂ ಒಂದೇ ಟಪಾಲಿನಲ್ಲಿ ಬಂದಿದ್ದವು. ಎರಡರಲ್ಲೂ ಒಂದೇ ಮಾತಿತ್ತು. ಅಯ್ಯನವರ ಲೆಕ್ಕ ಖಂಡೆಪ್ಪನದಕ್ಕಿಂತ ತುಸು ಹೆಚ್ಚೇ ಇತ್ತು. ಅಮೀನನೂ ಪಾಟೀಲರೂ ಬಂದು, ಈ ಮಾತು ಹೊರಗೆ ಹೋದರೆ ಹೇಳಿದವರು ಯಾರೆಂದು ತಮಗೆ ತಿಳಿಯುತ್ತದೆ ಎಂದಿದ್ದರು. ಇಷ್ಟು ಹೇಳಿ ಅವರು ಛತ್ರಿ ಬಿಚ್ಚಿ ಹೊರಟುಹೋದರು. ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ.

ಊರಿಗೆ ನಡೆದು ಬರುವಾಗ ಭೀಮಬಾಯಿಗೆ ಮೊದಲು ಬಂದದ್ದು ಒಂದು ಕೆಟ್ಟ ಯೋಚನೆ. ಇಬ್ಬರೂ ಕೂಡಿಯೇ ಕುಡಿದಿದ್ದರೆ? ಗುಡಿಸಲು ಘಾಟಿನಲ್ಲಿತ್ತು, ಅಯ್ಯನವರು ಘಾಟಿಗೆ ಬಂದಿದ್ದರು. ನಾಲಿಗೆ ಕಚ್ಚಿಕೊಂಡಳು, ಆದರೂ ಯೋಚನೆ ಹೋಗಲಿಲ್ಲ. ಅದನ್ನು ಹೇಳಬಲ್ಲವರು ಊರಿನಲ್ಲಿ ಒಬ್ಬರೇ ಇದ್ದರು.

ಅಯ್ಯನವರ ಹೆಂಡತಿ ನೀಲಾಬಾಯಿ ಗಂಡ ಹೋದ ಮೇಲೆ ಮನೆಯಿಂದ ಹೊರಗೆ ಬಂದಿರಲಿಲ್ಲ. ಮೊದಲ ತಿಂಗಳು ದುಃಖ ಎಂದು ಜನ ತಿಳಿದರು. ಆಮೇಲೆ ಗಂಡನ ಸಮಾಧಿಗೂ ಹೋಗದಿರುವುದನ್ನು ಕಂಡು, ವಯಸ್ಸಾಯಿತು, ಬುದ್ಧಿ ಮಂಕಾಯಿತು ಎಂದರು. ಮಧ್ಯಾಹ್ನದ ಹೊತ್ತು ಭೀಮಬಾಯಿ ಹೋಗಿ ಹೊಸ್ತಿಲ ಹೊರಗೆ ಕೂತಾಗ ನೀಲಾಬಾಯಿ ಒಳಗೆ ಬತ್ತಿ ಹೊಸೆಯುತ್ತಿದ್ದಳು. ಯಾಕೆ ಬಂದೆ ಎಂದು ಕೇಳಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

"ಅವ್ವಾರ, ಅಯ್ಯನೋರ ಕಾಗದ ಬಂದದಂತ. ನಿಮಗ ಗೊತ್ತದೇನ್ರಿ?"

ನೀಲಾಬಾಯಿಯ ಬೆರಳು ನಿಂತವು. ಅವಳು ಎದ್ದು ಬಂದಳು. ಬೈಯಲು ಬಂದಳು ಎಂದುಕೊಂಡು ಭೀಮಬಾಯಿ ಎದ್ದಳು. ಆದರೆ ಆ ಹೆಂಗಸು ಅವಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು. ಅಂಬಿಗರವಳು ಅಯ್ಯನವರ ಮನೆಯ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಇಬ್ಬರಿಗೂ ಆಗ ಅದರ ಪರಿವೆ ಇರಲಿಲ್ಲ.

ಪಾಟೀಲರು ಬಂದು ಹೇಳಿ ಹೋಗಿದ್ದರಂತೆ. ಅಯ್ಯನವರ ಮಾನ ಮಠದ ಮಾನ, ಮಠದ ಮಾನ ಊರಿನ ಮಾನ, ಕಾಗದ ನನ್ನ ಹತ್ತಿರ ಭದ್ರ ಇದೆ, ನೀವು ಬಾಯಿ ಬಿಡಬೇಡಿ ಎಂದಿದ್ದರಂತೆ. ನೀಲಾಬಾಯಿ ಅವರ ಕಾಲಿಗೆ ಬಿದ್ದು ಉಪಕಾರ ನೆನೆದಿದ್ದಳು. ಅಂದಿನಿಂದ ಗಂಡನ ಪೆಟ್ಟಿಗೆಯನ್ನು ಮೂರು ಸಲ ಬಿಚ್ಚಿ ನೋಡಿದ್ದಳು. ಜೋಳಿಗೆಯ ಹೊಲಿಗೆ ಬಿಚ್ಚಿದ್ದಳು. ಕೆಮ್ಮಿನ ಕಷಾಯದ ಶೀಷೆಯನ್ನೂ ಮೂಸಿದ್ದಳು. ಅವರು ಭಿಕ್ಷೆಗೆ ಹೋಗುತ್ತಿದ್ದ ಊರುಗಳನ್ನು ಬೆರಳು ಮಡಚಿ ಎಣಿಸಿ, ಯಾವ ಊರಿನಲ್ಲಿ ಯಾವ ಮನೆ ಎಂದು ಹುಡುಕುತ್ತ ಕೂರುತ್ತಿದ್ದಳು.

"ನಲವತ್ತು ವರ್ಷ ಅವ್ರ ಜೋಡಿ ಬಾಳ್ವಿ ಮಾಡೀನಿ ಭೀಮಬಾಯಿ," ಎಂದಳು. "ಈಗ ಅವ್ರು ಯಾರಂತ ನನಗ ತಿಳಿವಲ್ದು."

ಭೀಮಬಾಯಿ ಕೇಳಲು ಬಂದದ್ದನ್ನು ಕೇಳಿದಳು. ಆವತ್ತು ಅಯ್ಯನವರು ಎಷ್ಟು ಹೊತ್ತಿಗೆ ಎದ್ದರು, ಏನು ಮಾಡಿದರು, ಘಾಟಿಗೆ ಯಾವ ದಾರಿಯಿಂದ ಬಂದರು. ನೀಲಾಬಾಯಿ ಒಂದೊಂದಾಗಿ ನೆನೆಸಿಕೊಂಡು ಹೇಳಿದಳು. ಹಿಂದಿನ ದಿನ ಸೋಮವಾರ, ಅಯ್ಯನವರು ಒಪ್ಪತ್ತು ಮಾಡಿ ಮನೆಯಲ್ಲೇ ಇದ್ದರು. ಬೆಳಗ್ಗೆ ಲಿಂಗಪೂಜೆಗೆ ಅವಳೇ ಮಗ್ಗುಲಲ್ಲಿ ಕೂತಿದ್ದಳು. ಲಿಂಗದೀಕ್ಷೆ ಮುಗಿಯುವ ತನಕ ಬಾಯಿಗೆ ನೀರನ್ನೂ ಹಾಕುವುದಿಲ್ಲ ಎಂದು ಹೊರಟಿದ್ದರು. ಬಾಗಿಲಿಗೆ ಪಾಟೀಲರೇ ಬಂದಿದ್ದರು, ಅವರ ಜೊತೆಯಲ್ಲೇ ಘಾಟಿಗೆ ನಡೆದರು. ಹೇಳುತ್ತ ಹೇಳುತ್ತ ನೀಲಾಬಾಯಿಯ ದನಿ ಬದಲಾಯಿತು. ಇಷ್ಟು ದಿನ ಅವಳು ಗಂಡನ ನಲವತ್ತು ವರ್ಷಗಳನ್ನು ಕೆದಕಿದ್ದಳೇ ಹೊರತು, ಆ ಒಂದು ಮುಂಜಾನೆಯನ್ನು ಹೀಗೆ ಯಾರ ಎದುರಿಗೂ ಹರವಿರಲಿಲ್ಲ.

"ಹಂಗಾದ್ರ ಅವ್ರ ಹೊಟ್ಟ್ಯಾಗ ಅದು ಹ್ಯಾಂಗ ಬಂತು?" ಎಂದಳು.

ಅದೇ ಪ್ರಶ್ನೆ ಹೊತ್ತು ಇಬ್ಬರೂ ಚಿತ್ತಾಪುರಕ್ಕೆ ಹೋದರು. ಕಣ್ಣಿನ ಔಷಧಕ್ಕೆ ಎಂದು ನೀಲಾಬಾಯಿ ನೆರೆಯವರ ಬಂಡಿ ಕಟ್ಟಿಸಿದಳು, ಜೊತೆಗೆ ಇರಲಿ ಎಂದು ಭೀಮಬಾಯಿಯನ್ನು ಕರೆದುಕೊಂಡಳು. ದವಾಖಾನೆಗೆ ನಾಗೇಂದ್ರಪ್ಪ ಎಂಬ ಹೊಸ ಡಾಕ್ಟರ್ ಬಂದಿದ್ದರು. ಅವರು ಮೊದಲು ನಂಬಲಿಲ್ಲ. ಇಂಥ ಕಾಗದ ಬಂದಿದ್ದರೆ ನಕಲು ಇಲ್ಲೇ ಇರಬೇಕು, ಎಲ್ಲಿದೆ ಎಂದರು. ಅಬ್ದುಲ್ ಗನಿ ಒಂದು ಗಳಿಗೆ ಔಷಧದ ಕೋಣೆಯ ಬಾಗಿಲಲ್ಲಿ ನಿಂತರು. ಆಮೇಲೆ ಒಳಗೆ ಹೋಗಿ ಟಪಾಲಿನ ದಫ್ತರು ತಂದು, ಪುಟ ತೆರೆದು, ಡಾಕ್ಟರರ ಮುಂದೆ ಇಟ್ಟರು. ಎರಡು ಬರಣಿ ಹೋದದ್ದು, ಎರಡು ಕಾಗದ ಬಂದದ್ದು, ಎರಡರ ಲೆಕ್ಕವೂ ಅವರದೇ ಅಕ್ಷರದಲ್ಲಿ ಅಲ್ಲಿತ್ತು. ಭೀಮಬಾಯಿ ಅವರ ಮುಖ ನೋಡಿದಳು. ಈ ಸಲ ತಲೆ ತಗ್ಗಿರಲಿಲ್ಲ. ಅವಳೇ ತಗ್ಗಿಸಿದಳು.

ಡಾಕ್ಟರು ಬಹಳ ಹೊತ್ತು ಓದಿದರು. ಹೆಣ ಎಷ್ಟು ದಿನ ನೀರಿನಲ್ಲಿತ್ತು, ಸಿಕ್ಕಾಗ ಹೇಗಿತ್ತು ಎಂದು ಕೇಳಿದರು. ಆಮೇಲೆ ಭೀಮಬಾಯಿಯ ಕಡೆ ತಿರುಗಿದರು.

"ಈಚಲ ಗಿಡದಿಂದ ಆಗ ಇಳಿಸಿದ ರಸ ಹ್ಯಾಂಗಿರ್ತದವ್ವ?"

"ಸಿಹಿ ಇರ್ತದ್ರಿ."

"ಮಧ್ಯಾಹ್ನಕ್ಕ?"

"ಹುಳಿ ಬಂದು ಸೇಂದಿ ಆಗ್ತದ್ರಿ."

"ಅದರಾಗ ಯಾರರ ಶರಾಬು ಸುರದಾರೇನು? ಇಲ್ಲ. ಮನುಷ್ಯಾನ ಮೈಯಾಗೂ ಸಿಹಿ ಅದ. ರಕ್ತದಾಗ ಅದ, ಕರಳಿನಾಗ ಅದ. ಜೀವ ಇರೂತನಕ ಅದು ಹದದಾಗ ಇರ್ತದ. ಜೀವ ಹೋಗಿ, ನಾಕು ದಿನ ನೀರಿನಾಗ, ಬಿಸಲಾಗ ಬಿದ್ರ, ಮಡಕ್ಯಾಗ ಆಗೂದೇ ಮೈಯಾಗೂ ಆಗ್ತದ. ಸತ್ತ ಮ್ಯಾಲ ಮೈ ತಾನೇ ಶರಾಬು ಮಾಡ್ಕೋತದ. ಹೈದರಾಬಾದಿನವ್ರು ಇದ್ದದ್ದನ್ನ ಇದ್ದಂಗ ಬರದಾರ. ಎಲ್ಲಿಂದ ಬಂತು ಅಂತ ಕೇಳಬೇಕಾದವ್ರು ಕೇಳಿಲ್ಲ."

ನೀಲಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಭೀಮಬಾಯಿಗೆ ಅಳು ಬರಲಿಲ್ಲ. ಹಾಗಾದರೆ ನನ್ನ ಗಂಡ ಕುಡಿದಿರಲಿಲ್ಲ ಎಂದು ಬರೆದುಕೊಡಿ ಎಂದಳು.

ಡಾಕ್ಟರು ಬೇಸರದಿಂದಲೇ ಹೇಳಿದರು, ಅದನ್ನು ಬರೆಯಲು ತಮಗೆ ಬರುವುದಿಲ್ಲ ಎಂದು. ಅವನು ಕುಡಿದಿದ್ದರೂ ಕಾಗದ ಹೀಗೆಯೇ ಬರುತ್ತಿತ್ತು, ಕುಡಿಯದಿದ್ದರೂ ಹೀಗೆಯೇ ಬರುತ್ತಿತ್ತು. ಈ ಕಾಗದದಿಂದ ಏನೂ ತಿಳಿಯುವುದಿಲ್ಲ ಎಂದಷ್ಟೇ ಹೇಳಬಹುದು. ಅದನ್ನು ತಹಸೀಲ್ದಾರರ ಮುಂದೆ ಬೇಕಾದರೆ ಹೇಳುತ್ತೇನೆ, ಆದರೆ ಅಯ್ಯನವರ ಕಾಗದ ಎಲ್ಲರೆದುರು ಬಿಚ್ಚಬೇಕಾಗುತ್ತದೆ, ಅದಕ್ಕೆ ಅವರ ಮನೆಯವರು ಏನನ್ನುತ್ತಾರೆ ಎಂದರು. ನೀಲಾಬಾಯಿ ಕಣ್ಣೊರೆಸಿಕೊಂಡು, ಬಿಚ್ಚಲಿ ಎಂದಳು.

ವಿಚಾರಣೆ ಶಿವರಾತ್ರಿ ಕಳೆದು ಎಂಟು ದಿನಕ್ಕೆ, ಗುಂಡಗಟ್ಟಿಯ ಚಾವಡಿಯಲ್ಲೇ ನಡೆಯಿತು. ತಹಸೀಲ್ದಾರರು ಉರ್ದುವಿನಲ್ಲಿ ಕೇಳುತ್ತಿದ್ದರು, ಗುಮಾಸ್ತ ಕನ್ನಡದಲ್ಲಿ ಹೇಳುತ್ತಿದ್ದ. ಅಬ್ದುಲ್ ಗನಿ ದಫ್ತರು ತೋರಿಸಿದರು. ಅಯ್ಯನವರ ಲೆಕ್ಕ ಓದಿದಾಗ ಚಾವಡಿಯಲ್ಲಿ ಗದ್ದಲವಾಯಿತು. ಒಬ್ಬ ಎದ್ದು ಸಾಬರು ಬೇಕಂತಲೇ ಬರೆದಿದ್ದಾರೆ ಎಂದ. ಆಗ ಹೆಂಗಸರ ಗುಂಪಿನಿಂದ ನೀಲಾಬಾಯಿ ಎದ್ದು ನಿಂತದ್ದನ್ನು ಕಂಡು ಗದ್ದಲ ತಾನಾಗಿ ಇಳಿಯಿತು. ಕಾಗದ ತನಗೆ ಮೊದಲೇ ಗೊತ್ತು, ಪಾಟೀಲರೇ ಹೇಳಿದ್ದರು ಎಂದಳು. ಆ ಮುಂಜಾನೆ ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಕೊನೆಗೆ ಬಸವಂತರಾಯರ ಕಡೆ ತಿರುಗಿದಳು.

"ಬಾಗಿಲದಿಂದ ಘಾಟಿನ ತನಕ ನೀವೇ ಜೋಡಿ ಇದ್ರಿ ಗೌಡ್ರ. ಅವ್ರು ಕುಡದಿದ್ರೇನು, ಹೇಳ್ರಿ."

ಬಸವಂತರಾಯರು ಕೆಟ್ಟ ಮನುಷ್ಯರೇನಲ್ಲ. ಹೊಳೆಗೆ ಹರಗೋಲು ಇಳಿಸಿದ್ದು ತಾವು ಎಂಬುದನ್ನು ಆ ಆರು ತಿಂಗಳು ಅವರು ತಮಗೆ ತಾವೇ ಹೇಳಿಕೊಳ್ಳಲಾರದೆ ಹೋಗಿದ್ದರು. ಅಂಬಿಗ ಕುಡಿದಿದ್ದ ಎಂಬ ಕಾಗದ ಬಂದಾಗ ಅದನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಇನ್ನೊಂದು ಕಾಗದ ನಿಜವಲ್ಲ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಹಾಗಾದರೆ ಮೊದಲನೆಯದು ನಿಜ ಹೇಗೆ ಎಂದು ಮಾತ್ರ ಅವರು ಕೇಳಿಕೊಳ್ಳಲಿಲ್ಲ. ಈಗ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ಅಯ್ಯನವರು ಕುಡಿದಿರಲಿಲ್ಲ ಎಂದರು. ಖಂಡೆಪ್ಪ ಹೊಳೆ ಬೇಡ ಅಂದಿದ್ದನೇ ಎಂದು ತಹಸೀಲ್ದಾರರು ಕೇಳಿದರು. ಅಂದಿದ್ದ ಎಂದರು. ಆಮೇಲೆ ಡಾಕ್ಟರು ಎದ್ದು, ಸತ್ತ ಮೈ ತಾನೇ ಶರಾಬು ಮಾಡಿಕೊಳ್ಳುವ ಬಗೆಯನ್ನು ಹೇಳಿದರು.

ಒಂದೇ ಗಡಿಗೆಯ ಉಪ್ಪುನೀರಿನಲ್ಲಿ ಹೋದ ಎರಡು ಬರಣಿಗಳಲ್ಲಿ ಒಂದು ಸುಳ್ಳು, ಇನ್ನೊಂದು ನಿಜ ಎನ್ನಲು ಬರುವುದಿಲ್ಲ ಎಂದು ತಹಸೀಲ್ದಾರರು ಬರೆಸಿದರು. ಅಂಬಿಗ ಕುಡಿದಿದ್ದ ಎಂಬ ಮಾತು ದಾಖಲೆಯಿಂದ ಹೋಯಿತು. ಘಾಟಿನ ಹಕ್ಕು ಹಣಮಪ್ಪನಿಗೆ ತಿರುಗಿ ಬಂತು. ಪಾಟೀಲರಿಗೆ ಶಿಕ್ಷೆ ಏನೂ ಆಗಲಿಲ್ಲ, ಪಾಟೀಲಕಿಯೂ ಹೋಗಲಿಲ್ಲ. ಅಮೀನನಿಗೆ ಬೇರೆ ಕಡೆ ಬದಲಿಯಾಯಿತು. ಅಬ್ದುಲ್ ಗನಿಯವರಿಗೂ ಸೇಡಂಗೆ ಬದಲಿಯಾಯಿತು. ಅದು ಇದೇ ಕಾರಣಕ್ಕೋ ಅಲ್ಲವೋ ಯಾರೂ ಹೇಳಲಿಲ್ಲ. ಭೀಮಬಾಯಿ ಮಾತ್ರ ಇದೇ ಕಾರಣಕ್ಕೆ ಎಂದು ಕೊನೆಯ ತನಕ ಗುಮಾನಿ ಪಟ್ಟಳು. ಖಂಡೆಪ್ಪನ ಕಣ್ಣು ಕೆಂಪಗಿದ್ದವು ಎಂದವನು, ತಾನು ಹಾಗೆ ಅಂದೇ ಇರಲಿಲ್ಲ ಎಂದು ಎಲ್ಲರಿಗೂ ಹೇಳುತ್ತ ತಿರುಗಿದ.

ಆ ಬೇಸಿಗೆಯ ಒಂದು ದಿನ ಅಯ್ಯನವರ ಸಮಾಧಿಗೆ ಬಿಲ್ವಪತ್ರೆ ಒಯ್ಯುತ್ತ ನೀಲಾಬಾಯಿ ಭೀಮಬಾಯಿಯ ಬಾಗಿಲಲ್ಲಿ ನಿಂತಳು. ಬಹಳ ದಿನದಿಂದ ಕೇಳಬೇಕೆಂದಿದ್ದುದನ್ನು ಕೇಳಿದಳು. ತನ್ನದೇನೋ ನಿಚ್ಚಳವಾಯಿತು, ನಿನ್ನ ಮನಸ್ಸು ಹಗುರಾಯಿತೇ ಎಂದು.

ಭೀಮಬಾಯಿಗೆ ದುಕಾನಿನ ತಟ್ಟಿ ಇನ್ನೂ ಕಾಣುತ್ತಿತ್ತು. ಮಳೆಗೆ ಕೂತಿದ್ದನೋ, ಮಡಕೆಗೆ ಕೂತಿದ್ದನೋ.

"ಕುಡದಿದ್ನೋ ಇಲ್ಲೋ ನನಗ ಗೊತ್ತಿಲ್ರಿ ಅವ್ವಾರ. ಗೊತ್ತಾಗೂದೂ ಇಲ್ಲ. ದಂಡಿ ಮುಟ್ಟಿದಾಂವ ತಿರುಗಿ ನೀರಿಗೆ ಹೋಗ್ಯಾನ. ಅದು ಕುಡದಾಂವ ಮಾಡೂ ಕೆಲಸ ಅಲ್ಲ, ಕುಡೀದಾಂವನೂ ಮಾಡಂಗಿಲ್ಲ."

ನೀಲಾಬಾಯಿ ಒಂದು ಎಸಳು ಬಿಲ್ವಪತ್ರೆ ತೆಗೆದು ಅವಳ ಕೈಯಲ್ಲಿ ಇಟ್ಟು ಮುಂದೆ ನಡೆದಳು.

ಹಣಮಪ್ಪ ಹೊಸ ಹರಗೋಲಿಗೆ ಬಿದಿರು ಬಾಗಿಸಿ ಚರ್ಮ ಹೊದಿಸಿದ. ಎಣ್ಣೆ ಸವರಿ ಬಿಸಿಲಿಗೆ ಇಟ್ಟು, ನಾಲ್ಕನೆಯ ದಿನ ನೀರಿಗೆ ಇಳಿಸಿದ. ಮೊದಲ ಸಲಕ್ಕೆ ಭೀಮಬಾಯಿ ಕೂತಳು. ನೀರಿನ ಹೆದರಿಕೆ ಹೋಗಿರಲಿಲ್ಲ, ಎರಡೂ ಕೈಯಿಂದ ಅಂಚು ಹಿಡಿದಿದ್ದಳು. ಮಡಿಲಲ್ಲಿ ಜೋಳದ ರೊಟ್ಟಿಯ ಗಂಟಿತ್ತು, ತಹಸೀಲ್ದಾರರ ಹುಕುಮಿನ ನಕಲನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಿದ್ದಳು. ಆಚೆ ದಂಡೆಯಲ್ಲಿ ಇಳಿದು, ಕಲಬುರಗಿಯಿಂದ ಸುಲೇಪೇಟಕ್ಕೆ ಮೋಟಾರು ಎಷ್ಟು ಹೊತ್ತಿಗೆ ಇದೆ ಎಂದು ಹಣಮಪ್ಪನನ್ನು ಕೇಳಿಕೊಂಡು, ಮಗಳ ಮನೆಯ ದಾರಿ ಹಿಡಿದಳು.